ಅರ್ಧ ದಿನದ ಅಕ್ಕ

ಹೆಂಗಸರು ವಯಸ್ಸು ಕಡಿಮೆ ಮಾಡಿ ಹೇಳುತ್ತಾರೆ ಎಂದು ಗಂಡಸರು ನಗಾಡುವುದುಂಟು. ನಾನು ಬುದ್ಧಿ ಬಂದಾಗಿನಿಂದ ಜಾಸ್ತಿ ಮಾಡಿ ಹೇಳಿಕೊಂಡೇ ಬಂದವಳು. ಜಾಸ್ತಿ ಎಂದರೆ ಹತ್ತು ವರ್ಷ, ಐದು ವರ್ಷ ಅಲ್ಲ, ಅರ್ಧ ದಿನ. ಅರ್ಧ ದಿನಕ್ಕೆ ಯಾರಾದರೂ ಸುಳ್ಳು ಹೇಳುತ್ತಾರಾ ಎಂದು ನಿಮಗೆ ಕಾಣಬಹುದು. ಬೆಳ್ಮಣ್ಣಿನ ಕಲ್ಯಾಣಿಯಂಥವಳೊಬ್ಬಳು ನಿಮ್ಮ ಕುಟುಂಬದಲ್ಲಿ ಹುಟ್ಟಿದ್ದರೆ ನೀವು ಅರ್ಧ ಗಳಿಗೆಗೂ ಹೇಳುತ್ತಿದ್ದಿರಿ. ನಾನು ಮೂರನೇ ಕ್ಲಾಸಿನವರೆಗೆ ಶಾಲೆಗೆ ಹೋದವಳು. ಆಮೇಲೆ ಮಲ್ಲಿಗೆ ಕೊಯ್ದದ್ದು, ಕಟ್ಟಿದ್ದು, ಮಾರಿದ್ದು. ಇದನ್ನೆಲ್ಲ ಹಳೆಯ ಕ್ಯಾಲೆಂಡರಿನ ಹಿಂದಿನ ಮಗ್ಗುಲಲ್ಲಿ ಬರೆಯುತ್ತಿದ್ದೇನೆ. ಒತ್ತು, ದೀರ್ಘ ಎಲ್ಲ ಮೊಮ್ಮಗಳು ಶ್ರಾವ್ಯ ಸರಿ ಮಾಡುತ್ತಾಳೆ. "ಅಕ್ಷರ ಮಾತ್ರ ತಿದ್ದು, ಸುಳ್ಳನ್ನು ನಾನೇ ತಿದ್ದಿಕೊಳ್ಳುತ್ತೇನೆ" ಎಂದು ಅವಳಿಗೆ ಹೇಳಿಟ್ಟಿದ್ದೇನೆ.

ಕಲ್ಯಾಣಿ ನನ್ನ ತಾಯಿಯ ಅಕ್ಕನ ಮಗಳು. ನಾವಿಬ್ಬರೂ ಒಂದೇ ದಿನ ಹುಟ್ಟಿದವರು, ಅವಳು ಬೆಳ್ಮಣ್ಣಿನಲ್ಲಿ, ನಾನು ಇನ್ನಂಜೆಯಲ್ಲಿ. ದಿನ ಒಂದೇ ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಹೊತ್ತು ಯಾವುದು ಎನ್ನುವುದರಲ್ಲಿ ಎಪ್ಪತ್ತು ವರ್ಷದ ತಕರಾರು ಉಂಟು. ಆ ಕಾಲದಲ್ಲಿ ನಮ್ಮ ಎರಡೂ ಮನೆಯಲ್ಲಿ ಗಡಿಯಾರ ಇರಲಿಲ್ಲ. ಬೆಳ್ಮಣ್ಣಿನ ಶಾಲೆಯಲ್ಲಿ ಮಧ್ಯಾಹ್ನದ ಊಟದ ಗಂಟೆ ಹೊಡೆಯುವಾಗ ತಾನು ಹುಟ್ಟಿದ್ದು ಎಂದು ಅವಳ ಸಾಕ್ಷಿ. ಇನ್ನಂಜೆಯ ದೇವಸ್ಥಾನದಲ್ಲಿ ಪೂಜೆಯ ಗಂಟೆ ಹೊಡೆಯುವಾಗ ನಾನು ಹುಟ್ಟಿದ್ದು ಎಂದು ನನ್ನ ಸಾಕ್ಷಿ. "ಮಧ್ಯಾಹ್ನದ ಪೂಜೆ ಊಟಕ್ಕಿಂತ ಮೊದಲಾ, ಆಮೇಲಾ?" ಎಂದು ನಾನು ಕೇಳುತ್ತಿದ್ದೆ. "ಊಟದ ಗಂಟೆ ಹೆಡ್‌ಮಾಸ್ತರರಿಗೆ ಹಸಿವಾದಾಗ ಹೊಡೆಯುತ್ತದೆ. ಆ ಮಾಸ್ತರರಿಗೆ ಹತ್ತು ಗಂಟೆಗೇ ಹಸಿವಾಗುತ್ತಿತ್ತು" ಎಂದು ಅವಳು ಹೇಳುತ್ತಿದ್ದಳು. ಕಾಗದ ಪತ್ರ ನೋಡೋಣವೆಂದರೆ ಶಾಲೆಯಲ್ಲಿ ನಮ್ಮಿಬ್ಬರಿಗೂ ಜೂನ್ ಒಂದು ಎಂದು ಬರೆದಿದ್ದಾರೆ, ಆಧಾರ್ ಕಾರ್ಡಿನಲ್ಲಿ ಇಬ್ಬರಿಗೂ ಜನವರಿ ಒಂದು. ಸರಕಾರದ ಲೆಕ್ಕದಲ್ಲಿ ನಮ್ಮ ಪ್ರಾಯದವರೆಲ್ಲ ಹೀಗೆ ಎರಡೆರಡು ಸಲ ಹುಟ್ಟಿದ್ದೇವೆ, ಎರಡು ಸಲವೂ ತಪ್ಪು ದಿನ.

ಹಾಗಾಗಿ ಅವಳು ನನ್ನನ್ನು ತಂಗಿ ಎಂದು ಕರೆಯುತ್ತಾಳೆ, ನಾನು ಅವಳನ್ನು ತಂಗಿ ಎಂದು ಕರೆಯುತ್ತೇನೆ. ಫೋನಿನಲ್ಲಿ ನಮ್ಮ ಮಾತು ಕೇಳಿದವರಿಗೆ ತಲೆ ತಿರುಗುತ್ತದೆ.

"ಎಂತ ತಂಗೀ, ಈ ಸಲ ಮಲ್ಲಿಗೆಗೆ ಹುಳ ಬಿದ್ದಿದೆಯಂತೆ?"

"ಹುಳ ಅಲ್ಲ ತಂಗೀ, ನಿನ್ನ ಕಣ್ಣು ಬಿದ್ದದ್ದು. ಮಂಡಿನೋವು ಹೇಗುಂಟು?"

"ಮಂಡಿ ಸರಿ ಉಂಟು ತಂಗೀ. ಚಿಕ್ಕವರು ಹಿರಿಯರ ಮಂಡಿ ವಿಚಾರಿಸುವುದು ಒಳ್ಳೆಯ ಅಭ್ಯಾಸ."

ಇದು ಹೀಗೇ ಸಾಯುವವರೆಗೆ ನಡೆಯುತ್ತಿತ್ತೋ ಏನೋ. ಆದರೆ ಹೋದ ವರ್ಷ ನಮ್ಮ ಚಿಕ್ಕಮ್ಮ ತೀರಿಕೊಂಡರು. ಎಲ್ಲೂರಿನಲ್ಲಿ ನಮ್ಮ ಮೂಲದ ಮನೆ ಉಂಟು. ಅಲ್ಲಿ ವರ್ಷಕ್ಕೊಮ್ಮೆ ಕುಟುಂಬದ ದೈವಕ್ಕೆ ತಂಬಿಲದ ಪೂಜೆ ಕೊಡುವ ದಿನ ಕುಟುಂಬದ ಎಲ್ಲಕ್ಕಿಂತ ಹಿರಿಯ ಹೆಂಗಸು ದೀಪಕ್ಕೆ ಮೊದಲ ಎಣ್ಣೆ ಎರೆಯಬೇಕು. ಅವಳು ಎರೆದ ಮೇಲೆಯೇ ಉಳಿದದ್ದೆಲ್ಲ. ಇಷ್ಟು ವರ್ಷ ಆ ಎಣ್ಣೆ ಚಿಕ್ಕಮ್ಮನದ್ದು. ಅವರ ನಂತರ ಉಳಿದ ಹಿರಿತಲೆ ಎರಡೇ, ಒಂದು ನನ್ನದು, ಇನ್ನೊಂದು ಅವಳದು. ನನಗೆ ಚಿನ್ನ ಬೇಡ, ಪಟ್ಟೆಸೀರೆ ಬೇಡ. ಗಂಡ ಹೋದಾಗಲೂ ನಾನು ಮೂರನೇ ದಿನ ಹೂವು ಕಟ್ಟಲು ಕೂತವಳು. ಆದರೆ ಆ ಎಣ್ಣೆ ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಚಿಕ್ಕಮ್ಮನ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಕೂತಾಗ ಪಾಯಸ ಬಡಿಸುವ ಹೊತ್ತಿಗೇ ನನಗೆ ಅದರ ಯೋಚನೆ ಬಂದಿತ್ತು. ಎದುರಿನ ಸಾಲಿನಲ್ಲಿ ಕಲ್ಯಾಣಿಯೂ ಪಾಯಸ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಕುಟುಂಬದ ಯಜಮಾನಿಕೆ ನೋಡುವ ಗುರಿಕಾರ ಸಂಜೀವ. ನಮ್ಮ ಮಕ್ಕಳ ಪ್ರಾಯದವನು, ಉಡುಪಿ-ಕಾರ್ಕಳ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಮೊದಲು ಹತ್ತಿದವರು ಯಾರು, ಆಮೇಲೆ ಹತ್ತಿದವರು ಯಾರು ಎಂದು ಹಿಂದೆ ತಿರುಗದೆ ಹೇಳುತ್ತಿದ್ದವನಂತೆ. ಅವನೂ ನಮ್ಮ ವಿಷಯದಲ್ಲಿ ಕೈಚೆಲ್ಲಿದ. "ಗುಲಾಬಿಯಕ್ಕ, ಕಲ್ಯಾಣಿಯಕ್ಕ, ತಂಬಿಲದ ಒಳಗೆ ನೀವಿಬ್ಬರೂ ಒಂದು ತೀರ್ಮಾನಕ್ಕೆ ಬನ್ನಿ. ಇಲ್ಲದಿದ್ದರೆ ಮೂರನೆಯವರಿಂದ ಎರೆಸುತ್ತೇನೆ" ಎಂದ. ಮೂರನೆಯವಳು ಯಾರು ಗೊತ್ತುಂಟಾ? ಅವನ ಹೆಂಡತಿಯ ಅತ್ತೆ. ಎಂದರೆ ಅವನ ತಾಯಿ. ಬಸ್ಸಿನಲ್ಲಿ ಸೀಟು ಕೊಟ್ಟದ್ದೂ ಹೀಗೆಯೇ ಇರಬೇಕು.

ಈಗ ನಿಮ್ಮ ಹತ್ತಿರ ಒಂದು ಹೇಳಬೇಕು. ನನ್ನ ತಾಯಿ ಹೇಳಿದ್ದು "ಪೂಜೆಯ ಗಂಟೆ ಹೊಡೆಯುವಾಗ ನೀನು ಹುಟ್ಟಿದ್ದು" ಎಂದು. ಅದು ಸತ್ಯ. ಯಾವ ಪೂಜೆ ಎಂದು ನಾನು ಒಂದು ದಿನ ತೆಂಗಿನಕಾಯಿ ಹೆರೆಯುತ್ತಾ ಕೇಳಿದೆ. ನನಗೆ ಆಗ ಹನ್ನೆರಡೋ ಹದಿಮೂರೋ. ಅಮ್ಮ ಹೇಳಿದರು, "ಸಂಜೆಯ ಪೂಜೆ. ಶಿರ್ವದ ಅಕ್ಕು ಬೆಳ್ಮಣ್ಣಿನಲ್ಲಿ ಕಲ್ಯಾಣಿಯನ್ನು ಹೆರಿಸಿ, ಅಲ್ಲೇ ಊಟ ಮಾಡಿ, ಗದ್ದೆಯ ಬದುವಿನಲ್ಲಿ ನಡೆದುಕೊಂಡೇ ಇಲ್ಲಿಗೆ ಬಂದಳು. ಸೆರಗಿನಲ್ಲಿ ಅವರು ಕೊಟ್ಟ ಬೆಲ್ಲ ಕಟ್ಟಿಕೊಂಡಿದ್ದಳು. ಅಂಗಳದಿಂದಲೇ, ನಿನ್ನ ಅಕ್ಕನಿಗೆ ಹೆಣ್ಣು ಎಂದಳು. ಆ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡ ಮೇಲೆ ನೀನು ಹುಟ್ಟಿದ್ದು." ಅಕ್ಕು ಎಂದರೆ ಆಗಿನ ಕಾಲದ ಸೂಲಗಿತ್ತಿ. ಸುತ್ತಿನ ಏಳೆಂಟು ಊರಿಗೆ ಅವಳೊಬ್ಬಳೇ. ನಾನು ಕಾಯಿ ಹೆರೆಯುವುದನ್ನು ನಿಲ್ಲಿಸಲಿಲ್ಲ. ಆದರೆ ಆ ದಿನವೇ ಸಂಜೆಯ ಪೂಜೆಯನ್ನು ಮಧ್ಯಾಹ್ನಕ್ಕೆ ತಂದುಬಿಟ್ಟೆ. ಅಮ್ಮ ಹೋದರು, ಅಕ್ಕು ಹೋದಳು, ದೊಡ್ಡಮ್ಮ ಹೋದರು. ಈ ವಿಷಯ ಗೊತ್ತಿದ್ದದ್ದು ಮತ್ತೆ ನನಗೊಬ್ಬಳಿಗೆ.

ಇನ್ನು ಶ್ರಾವ್ಯನ ಬಗ್ಗೆ ಹೇಳುತ್ತೇನೆ. ಅವಳು ಮಣಿಪಾಲದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾಳೆ. ಅವಳ ತಾಯಿಗೆ ಕಾಪುವಿನಲ್ಲಿ ಟೈಲರ್ ಅಂಗಡಿ. ಇಬ್ಬರೂ ಸಂಜೆಗೆ ಇನ್ನಂಜೆಗೆ ಬರುತ್ತಾರೆ. ಶ್ರಾವ್ಯನಿಗೆ ಮರುದಿನದ ಪಾಠವನ್ನು ಜಗಲಿಯಲ್ಲಿ ಅತ್ತಿತ್ತ ನಡೆಯುತ್ತಾ ಗಟ್ಟಿಯಾಗಿ ಹೇಳಿ ನೋಡುವ ಅಭ್ಯಾಸ. ಕೇಳುವವರು ಇಬ್ಬರು, ಒಂದು ನಾನು, ಒಂದು ಬೆಕ್ಕು. ಬೆಕ್ಕು ಸಾಧಾರಣವಾಗಿ ಮಧ್ಯದಲ್ಲಿ ಎದ್ದು ಹೋಗುತ್ತದೆ. ನಾನು ಮರುದಿನಕ್ಕೆ ಬಾಳೆನಾರು ಸೀಳಿಡುತ್ತಾ ಕೂತಿರುತ್ತೇನೆ, ಏಳಲು ಆಗುವುದಿಲ್ಲ. ಹೀಗೆ ಕೂತೇ ನಾನು ಕರೆಂಟು, ಅಯಸ್ಕಾಂತ, ಮಸೂರ ಎಲ್ಲ ಮುಗಿಸಿದ್ದೇನೆ. ಹೆಚ್ಚಿನದು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತು. ಆದರೆ ಒಂದು ಸಂಜೆ ಅವಳು, "ಎರಡು ಬೇರೆ ಬೇರೆ ಜಾಗದಲ್ಲಿ ನಡೆದ ಘಟನೆಗಳಲ್ಲಿ ಯಾವುದು ಮೊದಲು, ಯಾವುದು ನಂತರ ಎನ್ನುವುದು ಎಲ್ಲರಿಗೂ ಒಂದೇ ಆಗಿರಬೇಕಾಗಿಲ್ಲ" ಎಂದು ಬೆಕ್ಕಿಗೆ ಹೇಳಿದ್ದೇ ತಡ, ನನ್ನ ಕೈಯ ನಾರು ನಿಂತಿತು.

"ಇನ್ನೊಮ್ಮೆ ಹೇಳು" ಎಂದೆ.

ಹೇಳಿದಳು. "ಸುಮ್ಮನೆ ಹೇಳುವುದಾ, ಪುಸ್ತಕದಲ್ಲಿ ಉಂಟಾ?" ಎಂದೆ. ಪುಸ್ತಕದಲ್ಲಿ ಉಂಟಂತೆ. ಅವಳ ಕೋಣೆಯ ಗೋಡೆಯಲ್ಲಿ ಕೂದಲು ಕೆದರಿಕೊಂಡ ಒಬ್ಬ ಅಜ್ಜನ ಫೋಟೊ ಉಂಟಲ್ಲ, ಅವನೇ ಕಂಡುಹಿಡಿದದ್ದಂತೆ. ಇಷ್ಟು ವರ್ಷ ನಾನು ಅದು ಅವಳ ಹಾರ್ಮೋನಿಯಂ ಮಾಸ್ತರರು ಎಂದುಕೊಂಡಿದ್ದೆ.

ಶ್ರಾವ್ಯ ನನ್ನ ಎದುರು ಚಕ್ಕಳಮಕ್ಕಳ ಹಾಕಿ ಕೂತಳು. ಕಲಿಸುವುದೆಂದರೆ ಅವಳಿಗೆ ಊಟಕ್ಕಿಂತ ಹೆಚ್ಚು. ಮನೆಗೆಂದು ಕಟ್ಟಿಟ್ಟಿದ್ದ ಒಂದು ಮೊಳ ಮಲ್ಲಿಗೆಯನ್ನು ಎತ್ತಿ ನೆಲದ ಮೇಲೆ ಉದ್ದಕ್ಕೆ ಇಟ್ಟಳು. "ಅಜ್ಜೀ, ಇದು ರೈಲು. ನಮ್ಮ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುತ್ತದಲ್ಲ, ಅಂಥ ರೈಲು. ಸರಿಯಾಗಿ ನಡುವಿನಲ್ಲಿ ಈ ಅಬ್ಬಲಿಗೆ ಹೂವು ಕಲ್ಯಾಣಿ ಅಜ್ಜಿ. ರೈಲಿನ ಒಳಗೆ ಕೂತಿದ್ದಾರೆ."

"ಅವಳಿಗೆ ಕಿಟಕಿ ಸೀಟು ಬೇಕು. ಇಲ್ಲದಿದ್ದರೆ ವಾಂತಿ ಮಾಡುತ್ತಾಳೆ."

"ಆಯ್ತು, ಕಿಟಕಿ ಸೀಟು. ಹೊರಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವ ಈ ಅಡಿಕೆ ಹೋಳು ನೀನು."

"ಅವಳು ಹೂವು, ನಾನು ಅಡಿಕೆಯಾ?"

"ಮಾರಾಯ್ತಿ ಅಜ್ಜೀ, ಪಾಠ ಕೇಳು. ಕಲ್ಯಾಣಿ ಅಜ್ಜಿ ಸರಿಯಾಗಿ ನಿನ್ನ ಎದುರಿಗೆ ಬಂದಾಗ ರೈಲಿನ ಎರಡೂ ತುದಿಗೆ ಸಿಡಿಲು ಬಿತ್ತು ಎಂದು ಇಟ್ಟುಕೋ, ಒಂದು ಎಂಜಿನ್ನಿಗೆ, ಒಂದು ಹಿಂದಿನ ಡಬ್ಬಿಗೆ. ಎರಡರ ಬೆಳಕೂ ನಿನ್ನ ಕಣ್ಣಿಗೆ ಒಟ್ಟಿಗೇ ಬಂದು ಮುಟ್ಟಿತು. ನೀನು ಎಂತ ಹೇಳುತ್ತಿ?"

"ಎರಡೂ ಒಟ್ಟಿಗೇ ಬಿತ್ತು ಎನ್ನುತ್ತೇನೆ. ಎರಡೂ ನನ್ನಿಂದ ಅಷ್ಟೇ ದೂರ ಅಲ್ವಾ?"

"ಶಾಭಾಸ್! ಈಗ ಕಲ್ಯಾಣಿ ಅಜ್ಜಿಯನ್ನು ನೋಡು. ಆ ಬೆಳಕು ಬರುವಷ್ಟರಲ್ಲಿ ಅವರ ರೈಲು ಮುಂದೆ ಹೋಗಿದೆ. ಎಂಜಿನ್ನಿನ ಕಡೆಯ ಬೆಳಕು ಅವರಿಗೆ ಮೊದಲು ಸಿಗುತ್ತದೆ, ಹಿಂದಿನದು ಆಮೇಲೆ."

ನಾನು ನಕ್ಕೆ. "ಇದರಲ್ಲೇನು ದೊಡ್ಡದು? ಬಸ್ಸು ಓಡುವಾಗ ಮಳೆ ಎದುರಿನ ಗಾಜಿಗೇ ಜಾಸ್ತಿ ಹೊಡೆಯುತ್ತದೆ. ಅವಳು ಎದುರಿಗೆ ಓಡಿದಳು, ಬೇಗ ಸಿಕ್ಕಿತು. ಸಿಡಿಲು ಬಿದ್ದದ್ದು ಒಟ್ಟಿಗೇ."

ಶ್ರಾವ್ಯ ನನ್ನನ್ನು ನೋಡಿದ್ದು ನೋಡಿ ನನಗೆ ನಾನೇ ದೊಡ್ಡವಳಾದ ಹಾಗಾಯಿತು. "ಅಜ್ಜೀ, ನನ್ನ ಕ್ಲಾಸಿನಲ್ಲಿ ಒಬ್ಬರಾದರೂ ಈ ಪ್ರಶ್ನೆ ಕೇಳಲಿ ಎಂದು ಪ್ರತಿ ವರ್ಷ ಕಾಯುತ್ತೇನೆ. ಮಳೆಗೆ ನೀನು ಹೇಳಿದ್ದು ಸರಿ. ಬಸ್ಸಿನಲ್ಲಿ ಕೂತವರಿಗೆ ಎದುರಿನ ಮಳೆ ಜೋರಾಗಿ ಬಂದ ಹಾಗೆ ಕಾಣುತ್ತದೆ. ಬೆಳಕಿಗೆ ಮಾತ್ರ ಆ ಸ್ವಭಾವ ಇಲ್ಲ. ನಿಂತವರು ಅಳೆದರೂ ಅಷ್ಟೇ ವೇಗ, ಓಡುವವರು ಅಳೆದರೂ ಅಷ್ಟೇ ವೇಗ. ಎದುರಿನಿಂದ ಬಂದರೂ ಅಷ್ಟೇ, ಹಿಂದಿನಿಂದ ಬಂದರೂ ಅಷ್ಟೇ. ಯಾರೆಷ್ಟು ಪರೀಕ್ಷೆ ಮಾಡಿದರೂ ಅದು ಬದಲಾಗಲಿಲ್ಲ. ಈಗ ಕಲ್ಯಾಣಿ ಅಜ್ಜಿ ಲೆಕ್ಕ ಹಾಕುತ್ತಾರೆ: ನಾನು ರೈಲಿನ ನಡುವಿನಲ್ಲಿ ಕೂತಿದ್ದೇನೆ, ಎರಡು ತುದಿಯೂ ಸಮ ದೂರ, ಎರಡು ಬೆಳಕೂ ಸಮ ವೇಗ, ಆದರೂ ಮುಂದಿನದು ಮೊದಲು ಬಂತು. ಹಾಗಾದರೆ?"

ನಾನು ನಾರು ಕೆಳಗಿಟ್ಟೆ. ಹಾಗಾದರೆ ಮುಂದಿನ ಸಿಡಿಲು ನಿಜವಾಗಿಯೂ ಮೊದಲು ಬಿದ್ದದ್ದು ಎಂದೇ ಅವಳು ಹೇಳಬೇಕು. ಬೇರೆ ದಾರಿ ಇಲ್ಲ. ನಾನು ಒಟ್ಟಿಗೆ ಎಂದು ಹೇಳಬೇಕು. ನನಗೂ ಬೇರೆ ದಾರಿ ಇಲ್ಲ.

"ಹಾಗಾದರೆ ಯಾರದ್ದು ಸರಿ?"

"ಇಬ್ಬರದ್ದೂ."

"ಇಬ್ಬರದ್ದೂ ಸರಿ ಎನ್ನುವವರು ಪಂಚಾತಿಗೆಗೆ ಊಟ ಮಾಡಿ ಹೋಗಲು ಬಂದವರು."

"ಇದು ಪಂಚಾತಿಗೆಯ ಮಾತಲ್ಲ ಅಜ್ಜೀ, ಅಳತೆಯ ಮಾತು. ಎಲ್ಲರಿಗೂ ಸೇರಿ ಒಂದೇ ಗಡಿಯಾರ ಎಂಬುದು ಪ್ರಪಂಚದಲ್ಲಿ ಇಲ್ಲವೇ ಇಲ್ಲ. ನಮ್ಮ ರೈಲು ನಿಧಾನ, ಅದರಲ್ಲಿ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಬೆಳಕಿಗೆ ಹತ್ತಿರದ ವೇಗದಲ್ಲಿ ಓಡುವ ರೈಲಾದರೆ ಕಣ್ಣಿಗೆ ಹೊಡೆಯುತ್ತದೆ."

ಹೊರಗೆ ಸಂಜೆಯ ರೈಲು ಹೋಯಿತು. ಅದರ ಕಿಟಕಿಗಳನ್ನು ನಾನು ಎಷ್ಟೋ ವರ್ಷದಿಂದ ನೋಡಿದ್ದೇನೆ. ಆ ಕಿಟಕಿಯ ಒಳಗೆ ಕೂತವರ ಹೊತ್ತು ನನ್ನ ಹೊತ್ತಿಗಿಂತ ಒಂದು ಎಳೆಯಾದರೂ ಬೇರೆ ಎಂದು ಒಮ್ಮೆಯೂ ಯೋಚಿಸಿದವಳಲ್ಲ. ಯೋಚಿಸಲು ಯಾರಿಂದ ಆಗುತ್ತದೆ ಹೇಳಿ! ಆ ಫೋಟೊದ ಅಜ್ಜ ಅಂಥ ರೈಲನ್ನು ಕಂಡವನಲ್ಲ, ಹತ್ತಿದವನಲ್ಲ. ಕುರ್ಚಿಯಲ್ಲಿ ಕೂತು, ಬೆಳಕು ಹೀಗೆ ಹಟ ಮಾಡುವುದಾದರೆ ಮತ್ತೆ ಬಗ್ಗಬೇಕಾದದ್ದು ಗಡಿಯಾರವೇ ಎಂದು ತೀರ್ಮಾನ ಮಾಡಿದ. ದೊಡ್ಡವರೆಲ್ಲ ಒಪ್ಪಿದ್ದನ್ನು ಅಲ್ಲ ಎನ್ನಲಿಕ್ಕೆ ಎಂಥ ಎದೆ ಬೇಕು! ನಾನು ದೇವರನ್ನೂ ಅಷ್ಟಾಗಿ ಹೊಗಳುವವಳಲ್ಲ. ಮರುದಿನ ಬೆಳಿಗ್ಗೆ ಮಲ್ಲಿಗೆ ಕೊಯ್ದು ಕಟ್ಟಿ, ಒಂದು ತುಂಡು ಆ ಫೋಟೊಕ್ಕೆ ಹಾಕಿದೆ. "ಅಜ್ಜೀ, ಹಾರ ಹಾಕಿದರೆ ಪರೀಕ್ಷೆಗೆ ಹೆದರಿದವರು ಹಾಕಿದ ಹಾಗೆ ಕಾಣುತ್ತದೆ" ಎಂದು ಶ್ರಾವ್ಯ ತೆಗೆದಳು.

ಹೊಗಳಿಕೆಯ ಜೊತೆಗೆ ಸ್ವಾರ್ಥವೂ ಇತ್ತು, ಇಲ್ಲ ಎನ್ನುವುದಿಲ್ಲ. ಪಾಠದ ಆ ಸಂಜೆಯೇ ನಾನು ಕೇಳಿದ್ದೆ, "ಈಗ ಬೆಳ್ಮಣ್ಣಿನಲ್ಲಿ ಒಂದು, ಇನ್ನಂಜೆಯಲ್ಲಿ ಒಂದು, ಎರಡು ಮಕ್ಕಳು ಒಂದೇ ಹೊತ್ತಿಗೆ ಹುಟ್ಟಿದವು ಎಂದು ಇಟ್ಟುಕೋ. ಬೆಳ್ಮಣ್ಣಿನಿಂದ ಇನ್ನಂಜೆಗೆ ಬರುವ ರೈಲಿನಲ್ಲಿ ಕೂತವರಿಗೆ?"

"ಇನ್ನಂಜೆಯ ಮಗು ಮೊದಲು."

"ವಾಪಸು ಹೋಗುವ ರೈಲಿನಲ್ಲಿ?"

"ಬೆಳ್ಮಣ್ಣಿನ ಮಗು ಮೊದಲು. ಆದರೆ ಬೆಳ್ಮಣ್ಣಿಗೆ ರೈಲೇ ಇಲ್ಲವಲ್ಲ ಅಜ್ಜೀ."

"ಇಲ್ಲದ್ದು ಒಳ್ಳೆಯದೇ ಆಯಿತು. ಹಾಗಾದರೆ ಇದರಲ್ಲಿ ಅಕ್ಕ ಯಾರು ಎಂದು ಬ್ರಹ್ಮನಿಗೂ ಹೇಳಲು ಆಗುವುದಿಲ್ಲ ಎಂದಾಯಿತು."

"ಆಗುವುದಿಲ್ಲ. ಆದರೆ ಅಜ್ಜೀ, ಇದಕ್ಕೆ ಒಂದು ಮುಖ್ಯವಾದ..."

"ಆದರೆಗಿದರೆ ಎಲ್ಲ ಮತ್ತೆ. ಬಚ್ಚಲಲ್ಲಿ ನೀರು ಕಾದಿದೆ, ಮೊದಲು ಸ್ನಾನ ಮಾಡು" ಎಂದು ಅವಳನ್ನು ಎಬ್ಬಿಸಿದೆ. ಮೂರನೇ ಕ್ಲಾಸಿನಲ್ಲಿ ಶಾಲೆ ಬಿಟ್ಟದ್ದೂ ನಾನು ಇದೇ ರೀತಿ, ಪಾಠದ ಮಧ್ಯದಲ್ಲಿ.

ನನ್ನ ಲೆಕ್ಕ ಸುಲಭದ್ದು. ಅಕ್ಕ ನಾನೇ ಎಂದು ಗೆಲ್ಲುವುದು ಕಷ್ಟ, ಆ ಸಂಜೆಯ ಪೂಜೆಯ ವಿಷಯ ನನಗೆ ಗೊತ್ತಿತ್ತಲ್ಲ. ಯಾರೂ ಹೇಳಲು ಬರುವುದಿಲ್ಲ ಎಂದಾದರೆ ಸಾಕು, ಅರ್ಧ ಎಣ್ಣೆಯಾದರೂ ನನ್ನದು. ನಾನು ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ, ಸಾಯನ್ಸೇ ಹೇಳಿದ ಹಾಗಾಗುತ್ತದೆ. ತಂಬಿಲದ ಭಾನುವಾರ ಶ್ರಾವ್ಯನಿಗೆ ಸೀರೆ ಉಡಿಸಿ ಎಲ್ಲೂರಿಗೆ ಕರೆದುಕೊಂಡು ಹೋದೆ. ವಕೀಲರನ್ನು ಕರೆದುಕೊಂಡು ಹೋದ ಹಾಗೆ.

ಅಂಗಳ ತುಂಬ ಜನ. ದೈವದ ಗುಡಿಯ ಎದುರು ದೀಪ, ಬತ್ತಿ, ಪಕ್ಕದಲ್ಲಿ ಎಣ್ಣೆಯ ಗಿಂಡಿ. ಕಲ್ಯಾಣಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು, ಹೊಸ ಸೀರೆ, ತಲೆಗೆ ನನ್ನದೇ ತೋಟದ ಮಲ್ಲಿಗೆ. ಮೂವತ್ತು ವರ್ಷ ಕಾರ್ಕಳದ ಗೇರುಬೀಜದ ಕಾರ್ಖಾನೆಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು, ಗಂಡನ ಕುಡಿತ ನಿಭಾಯಿಸಿ, ಮೂರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು. ಬೆರಳಿನ ತುದಿ ಗೇರಿನ ಸೊನೆಯಿಂದ ಕಪ್ಪಾದದ್ದು ಇನ್ನೂ ಹೋಗಲಿಲ್ಲ. ಕೂತ ಗತ್ತು ಮಾತ್ರ ಜಮೀನ್ದಾರರದ್ದು. ಅದು ನನಗೆ ಅವಳಲ್ಲಿ ಇಷ್ಟ. ಅವಳಿಗೆ ಹೇಳಿಲ್ಲ.

"ಹಾ ಗುಲಾಬಿಯಕ್ಕ, ಎಂತ ತೀರ್ಮಾನ?" ಎಂದ ಸಂಜೀವ.

"ನನ್ನದು ಎಂತ ಇಲ್ಲ. ಕಲಿತವಳು ಹೇಳುತ್ತಾಳೆ, ಕೇಳಿ" ಎಂದು ಶ್ರಾವ್ಯನನ್ನು ಮುಂದೆ ದೂಡಿದೆ.

ಹುಡುಗಿ ಹೇಳಿದ ಚಂದವೇ ಚಂದ. ಎರಡು ತೆಂಗಿನಕಾಯಿ, ಒಂದು ಬಾಳೆಎಲೆ ಇಟ್ಟುಕೊಂಡು ಆ ರೈಲು, ಆ ಸಿಡಿಲು ಎಲ್ಲ ಅಂಗಳಕ್ಕೆ ತಂದಳು. ಅಡಿಗೆಯವರು ಸೌಟು ಹಿಡಿದುಕೊಂಡೇ ಬಂದು ನಿಂತರು. ಸಂಜೀವನಿಗೆ ಬಸ್ಸಿನ ಅನುಭವ ಇದ್ದದ್ದರಿಂದ ಬೇಗ ಹಿಡಿಯಿತು. "ಹಾಗಾದರೆ ಡ್ರೈವರನ ಟೈಮೂ ಸ್ಟ್ಯಾಂಡಿನ ಟೈಮೂ ಬೇರೆ ಬೇರೆ ಎಂದು ಪುಸ್ತಕದಲ್ಲೇ ಉಂಟು! ಆಗ ಗೊತ್ತಿದ್ದಿದ್ದರೆ ಎಷ್ಟು ಬೈಗುಳ ತಪ್ಪುತ್ತಿತ್ತು" ಎಂದ. ಎಲ್ಲರೂ ನಕ್ಕರು. "ಸರಿ, ಇಬ್ಬರೂ ಸೇರಿ ಎರೆಯಲಿ" ಎಂದು ಯಾರೋ ಹೇಳಿಯೂ ಆಯಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಕಲ್ಯಾಣಿ ಮಾತ್ರ ನಗಲಿಲ್ಲ. ಶ್ರಾವ್ಯನ ಮುಖವನ್ನೇ ನೋಡುತ್ತಿದ್ದಳು. ಮೂವತ್ತು ವರ್ಷ ಒಳ್ಳೆಯ ಬೀಜ, ಹಾಳು ಬೀಜ ಆರಿಸಿದ ಕಣ್ಣು ಅದು.

"ಮಗಾ, ನೀನು ಹೇಳಿದ್ದು ಚಂದ ಆಯಿತು. ಆದರೆ ನಿನ್ನ ಬಾಯಲ್ಲಿ ಇನ್ನೂ ಒಂದು ಮಾತು ಉಳಿದಿದೆ. ಅದೆಂತದು?"

ಶ್ರಾವ್ಯ ನನ್ನ ಕಡೆ ನೋಡಿದಳು. ನಾನು ತೆಂಗಿನಮರದ ಕಡೆ ನೋಡಿದೆ.

"ಅದು ಹೀಗೆ ಅಜ್ಜೀ," ಎಂದಳು ಶ್ರಾವ್ಯ, "ಮೊದಲು, ನಂತರ ಎನ್ನುವುದು ಅದಲು ಬದಲಾಗುವುದು ಎರಡು ಘಟನೆಗಳ ನಡುವಿನ ಹೊತ್ತು ತೀರಾ ಕಡಿಮೆ ಇದ್ದರೆ ಮಾತ್ರ. ಬೆಳ್ಮಣ್ಣಿನಿಂದ ಇನ್ನಂಜೆಗೆ ಬೆಳಕು ಬಂದು ಮುಟ್ಟುವುದಕ್ಕಿಂತ ಕಡಿಮೆ. ಕಣ್ಣು ಮಿಟುಕಿಸುವ ಹೊತ್ತನ್ನು ಸಾವಿರಾರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮೊದಲು ಹುಟ್ಟಿದವರೇ ಮೊದಲು. ಯಾವ ರೈಲಿನಿಂದ ನೋಡಿದರೂ, ನಕ್ಷತ್ರದಿಂದ ನೋಡಿದರೂ."

ಇಷ್ಟು ಚಂದದ ಲೆಕ್ಕಕ್ಕೆ ಇಷ್ಟು ಸಣ್ಣ ಬಾಗಿಲು ಇಡುವುದಾ?

"ಅಂದರೆ," ಎಂದ ಸಂಜೀವ, "ಇಲ್ಲಿ ಒಂದು ಮಗು ಹುಟ್ಟಿದ ಮೇಲೆ ಇಲ್ಲಿಂದ ಒಬ್ಬ ಪ್ಯಾಸೆಂಜರ್ ಹೊರಟು ಅಲ್ಲಿಗೆ ಹೋಗಿ, ಆಮೇಲೆ ಅಲ್ಲಿ ಮಗು ಹುಟ್ಟಿದರೆ?"

"ಮತ್ತೆ ಮಾತೇ ಇಲ್ಲ ಮಾವ. ಬೆಳಕಿಗಿಂತ ಬೇಗ ಯಾರೂ ಹೋಗುವುದಿಲ್ಲ. ಒಬ್ಬರು ಇಲ್ಲಿಂದ ಅಲ್ಲಿಗೆ ಸುದ್ದಿ ಮುಟ್ಟಿಸಿದರು ಎಂದರೆ ಇಲ್ಲಿಯದು ಎಲ್ಲರಿಗೂ ಮೊದಲೇ. ನೋಡುವವರು ಎಷ್ಟೇ ಬದಲಾದರೂ ಕಾರಣ ಹಿಂದೆ ಹೋಗಿ ಪರಿಣಾಮ ಮುಂದೆ ಬರುವುದಿಲ್ಲ. ತಾಯಿಗಿಂತ ಮೊದಲು ಮಗಳು ಹುಟ್ಟುವ ರೈಲು ಎಲ್ಲಿಯೂ ಇಲ್ಲ."

"ಹಾಗಾದರೆ ಆ ದಿನ ಬೆಳ್ಮಣ್ಣಿನಿಂದ ಇನ್ನಂಜೆಗೆ ಟಿಕೆಟು ತೆಗೆದವರು ಯಾರಾದರೂ ಉಂಟಾ?" ಎಂದು ಸಂಜೀವ ತಮಾಷೆಗೆ ಕೇಳಿದ. ಅಂಗಳ ಇನ್ನೊಮ್ಮೆ ನಕ್ಕಿತು.

ನಾನು ಸುಳ್ಳು ಹೇಳದವಳಲ್ಲ. ಮದುವೆ ಮಾತುಕತೆಯಲ್ಲಿ ಹೇಳಿದ್ದೇನೆ, ಹೂವು ಬಾಡಿದ್ದಕ್ಕೆ ಹೇಳಿದ್ದೇನೆ, ಜನಗಣತಿಯವರಿಗೆ ಹೇಳಿದ್ದೇನೆ. ಆದರೆ ಆ ಅಂಗಳದಲ್ಲಿ, ಆ ಗುಡಿಯ ಎದುರಿನಲ್ಲಿ ನಮ್ಮ ಕುಟುಂಬದವರು ಯಾರೂ ಸುಳ್ಳು ಹೇಳುವುದಿಲ್ಲ. ಸುಮ್ಮನೆ ಇದ್ದುಬಿಡಬಹುದಿತ್ತು, ಕೇಳಿದ್ದು ತಮಾಷೆಗೆ. ಆದರೆ ನನಗೆ ಆಗ ದೈವಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಆ ಲೆಕ್ಕದ್ದು. ಎಂಥ ಲೆಕ್ಕ ನೋಡಿ! ಯಾರ ಗಡಿಯಾರವನ್ನೂ ನಂಬದ ಲೆಕ್ಕ ಒಬ್ಬ ಸೂಲಗಿತ್ತಿಯ ಕಾಲನ್ನು ನಂಬುತ್ತದೆ. ಎಲ್ಲವನ್ನೂ ಸಡಿಲ ಬಿಟ್ಟ ಹಾಗೆ ಮಾಡಿ, ಸುಳ್ಳು ನುಗ್ಗುವ ಆ ಒಂದು ಜಾಗದಲ್ಲಿ ಮಾತ್ರ ಗಟ್ಟಿ ಗಂಟು ಹಾಕಿಟ್ಟಿದೆ. ಹೂವು ಕಟ್ಟುವವಳಿಗೆ ಆ ಗಂಟಿನ ಬೆಲೆ ಗೊತ್ತಾಗದೆ ಇರುತ್ತದಾ?

"ಉಂಟು," ಎಂದೆ. "ಶಿರ್ವದ ಅಕ್ಕು. ಟಿಕೆಟು ಇಲ್ಲ, ನಡೆದುಕೊಂಡು ಬಂದದ್ದು."

ಎಲ್ಲ ಹೇಳಿದೆ. ಬೆಲ್ಲ, ಸಂಜೆಯ ಪೂಜೆ, ಕಾಯಿ ಹೆರೆದದ್ದು. ಅಡಿಗೆಯವರ ಸೌಟಿನಿಂದ ಸಾಂಬಾರು ತೊಟ್ಟಿಕ್ಕುತ್ತಿತ್ತು. ಶ್ರಾವ್ಯ ಬಾಯಿ ಬಿಟ್ಟುಕೊಂಡು ನನ್ನನ್ನು ನೋಡುತ್ತಿದ್ದಳು. ಅವಳ ಪಾಠ ಕೇಳಿ ಒಬ್ಬರು ಹೀಗೆ ತಪ್ಪೊಪ್ಪಿಕೊಂಡದ್ದು ಕಾಲೇಜಿನಲ್ಲಿ ನಡೆದಿರಲಿಕ್ಕಿಲ್ಲ.

ಕಲ್ಯಾಣಿ ಒಂದು ಬೈಗುಳವನ್ನೂ ಬೈಯಲಿಲ್ಲ. "ನನ್ನನ್ನು ಹೆರಿಸಿ, ಆ ಬಿಸಿಲಿನಲ್ಲಿ ಶಿರ್ವ ದಾಟಿ ಇನ್ನಂಜೆಯವರೆಗೆ ನಡೆದಳಾ?" ಎಂದಳು. "ಎಂಥ ಹೆಂಗಸು!"

"ಹೌದು," ಎಂದೆ. "ಎಂಥ ಹೆಂಗಸು."

ಸಂಜೀವ ಎಣ್ಣೆಯ ಗಿಂಡಿ ಎತ್ತಿ ಕಲ್ಯಾಣಿಯ ಕೈಗೆ ಕೊಟ್ಟ. ಅವಳು ಕುರ್ಚಿಯ ಕೈ ಹಿಡಿದು ಎದ್ದು ದೀಪದ ಹತ್ತಿರ ಹೋದಳು, ದೀಪ ನೋಡಿದಳು, ತನ್ನ ಮಂಡಿ ನೋಡಿಕೊಂಡಳು. ದೀಪ ನೆಲಕ್ಕಿಂತ ಒಂದು ಗೇಣು ಮೇಲೆ.

"ತಂಗೀ, ಇಲ್ಲಿ ಬಾ. ನನಗೆ ಬಗ್ಗಲು ಆಗುವುದಿಲ್ಲ. ನೀನು ಎರೆ."

"ನಾನು ಯಾಕೆ? ಅಕ್ಕ ನೀನು ಎಂದು ಆಯಿತಲ್ಲ."

"ಅದಕ್ಕೇ ಹೇಳುವುದು. ಅಕ್ಕ 'ಮಾಡು' ಎಂದರೆ ತಂಗಿ ಮಾಡಬೇಕು. ಎಪ್ಪತ್ತು ವರ್ಷದಲ್ಲಿ ಇದು ಮೊದಲನೇ ಅಪ್ಪಣೆ. ಹ್ಞೂಂ, ಎರೆ."

ಎರೆದೆ. ಆಸೆಪಟ್ಟದ್ದು ಸಿಕ್ಕಿತು, ತಂಗಿಯಾಗಿ ಸಿಕ್ಕಿತು. ಪ್ರಸಾದ ಮೊದಲು ಅವಳಿಗೆ, ಆಮೇಲೆ ನನಗೆ. ಈಗ ಅವಳ ಫೋನು ವಾರಕ್ಕೆ ಮೂರು ಸಲ ಬರುತ್ತದೆ. "ತಂಗೀ, ಶುಕ್ರವಾರ ಪೂಜೆ ಉಂಟು, ಬಸ್ಸಿನಲ್ಲಿ ಎರಡು ಚೆಂಡು ಮಲ್ಲಿಗೆ ಕಳಿಸು. ಬಿಗಿಯಾಗಿ ಕಟ್ಟು, ಹೋದ ಸಲದ್ದು ಸಡಿಲ." ನಾನು ಕಟ್ಟಿದ್ದು ಸಡಿಲವಂತೆ! ಆದರೂ ಕಳಿಸುತ್ತೇನೆ. "ಆಯ್ತು ಅಕ್ಕ" ಎನ್ನುತ್ತೇನೆ. ಮೊದಮೊದಲು ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಲ್ಲುತ್ತಿತ್ತು. ಈಗ ಅನ್ನದ ಉಂಡೆ ನುಂಗಿದ ಹಾಗೆ ಇಳಿಯುತ್ತದೆ.

ಮೊನ್ನೆ ಶ್ರಾವ್ಯ ಇದೇ ಪಾಠದ ಮುಂದಿನ ಭಾಗವನ್ನು ಬೆಕ್ಕಿಗೆ ಹೇಳುತ್ತಿದ್ದಳು. ಓಡಾಡುವವರ ಗಡಿಯಾರ ಕೂತವರ ಗಡಿಯಾರಕ್ಕಿಂತ ನಿಧಾನವಂತೆ. ತಿರುಗಾಡಿ ವಾಪಸು ಬಂದವರಿಗೆ ಮನೆಯಲ್ಲೇ ಕೂತವರಿಗಿಂತ ವಯಸ್ಸು ಕಡಿಮೆ ಆಗಿರುತ್ತದಂತೆ. ಈ ಸಲ ನಾನು ನಾರು ಕೆಳಗಿಟ್ಟು, ಪೂರ್ತಿ ಕೇಳಿ, ಅವಳ 'ಆದರೆ'ಯನ್ನೂ ಕೇಳಿ, ಆಮೇಲೆ ಪ್ರಶ್ನೆ ಹಾಕಿದೆ. "ಕಲ್ಯಾಣಿ ಮೂವತ್ತು ವರ್ಷ ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗಿ ಬಂದವಳು. ನಾನು ಇದೇ ಜಗಲಿಯಲ್ಲಿ ಹೂವು ಕಟ್ಟುತ್ತಾ ಕೂತವಳು. ಹಾಗಾದರೆ ಅವಳ ವಯಸ್ಸು ಸ್ವಲ್ಪ ಕಡಿಮೆ ಖರ್ಚಾಗಿರಬೇಕಲ್ಲ?"

ಶ್ರಾವ್ಯ ಕಾಗದದ ಮೇಲೆ ಲೆಕ್ಕ ಹಾಕಿದಳು. ಆಗಿದೆಯಂತೆ. ಕಣ್ಣು ಮಿಟುಕಿಸುವ ಹೊತ್ತನ್ನು ಕೋಟಿ ಪಾಲು ಮಾಡಿದರೆ ಅದರಲ್ಲಿ ಸುಮಾರು ಒಂದು ಪಾಲು. ನಾನು ಅವಳನ್ನು ಹಿಂದೆ ಹಾಕಬೇಕಾದರೆ ಅರ್ಧ ದಿನ ತುಂಬಬೇಕು. "ಅದಕ್ಕೆ ಈ ಭೂಮಿಯ ಆಯುಸ್ಸೂ ಸಾಕಾಗುವುದಿಲ್ಲ ಅಜ್ಜೀ" ಎಂದು ನಕ್ಕಳು. ನಗಲಿ. ಶುರು ಆದದ್ದಂತೂ ಆಗಿದೆಯಲ್ಲ.

ನಾನು ಆಗಲೇ ಬೆಳ್ಮಣ್ಣಿಗೆ ಫೋನು ಹಚ್ಚಿದೆ. "ಅಕ್ಕಾ, ಸರಕಾರಿ ಬಸ್ಸು ಹೆಂಗಸರಿಗೆ ಫ್ರೀ ಉಂಟಲ್ಲ, ಸುಮ್ಮನೆ ಮನೆಯಲ್ಲಿ ಯಾಕೆ ಕೂರುತ್ತಿ? ದಿನಾ ಸ್ವಲ್ಪ ದೂರ ಹೋಗಿ ಬಾ. ಮಂಡಿಗೂ ತೊಂದರೆ ಇಲ್ಲ, ಕೂತುಕೊಂಡೇ ಹೋಗುವುದಲ್ವಾ?"

"ತಂಗಿಯಾದ ಮೇಲೆ ನಿನಗೆ ನನ್ನ ಮೇಲೆ ಎಷ್ಟು ಪ್ರೀತಿ ಬಂದಿದೆ ಮಾರಾಯ್ತಿ!" ಎಂದಳು ಕಲ್ಯಾಣಿ.

"ಬಂದಿದೆ ಅಕ್ಕಾ," ಎಂದೆ. "ಎಕ್ಸ್‌ಪ್ರೆಸ್ ಬಸ್ಸಿನಲ್ಲೇ ಹೋಗು."